ಲಂಡನ್ ಸುತ್ತಲು ಯಾವ ಪಾಸ್? ಕೊಳ್ಳುವ ಮುನ್ನ ಒಂದಿಷ್ಟು ಲೆಕ್ಕ

ಲಂಡನ್‌ಗೆ ವಿಮಾನದ ಟಿಕೆಟ್ ಬುಕ್ ಆದ ಮರುದಿನವೇ ಮನೆಯಲ್ಲಿ ಏಳುವ ಪ್ರಶ್ನೆ: ಅಲ್ಲಿ ಓಡಾಡಲು ಯಾವ ಪಾಸ್ ತಗೊಳ್ಳೋದು? ಹುಡುಕಲು ಕೂತರೆ ಒಂದರ ಹಿಂದೊಂದು ಹೆಸರು ಬರುತ್ತವೆ. ಆಯ್ಸ್ಟರ್ ಕಾರ್ಡ್, ವಿಸಿಟರ್ ಆಯ್ಸ್ಟರ್, ಒಂದು ದಿನದ ಟ್ರಾವೆಲ್‌ಕಾರ್ಡ್, ಏಳು ದಿನದ ಟ್ರಾವೆಲ್‌ಕಾರ್ಡ್, ಕಾಂಟ್ಯಾಕ್ಟ್‌ಲೆಸ್, ಲಂಡನ್ ಪಾಸ್, ಬ್ರಿಟ್‌ರೇಲ್ ಪಾಸ್. ಎಲ್ಲವೂ ನಮಗೇ ಅಂತ ಮಾಡಿದ ಹಾಗೆ ಕಾಣುತ್ತವೆ. ಬೆಂಗಳೂರಿನಲ್ಲಿ ಬೆಳಿಗ್ಗೆ ಬಸ್ ಹತ್ತಿ ಬಿಎಂಟಿಸಿ ದಿನದ ಪಾಸ್ ಕೊಂಡು ಸಂಜೆವರೆಗೆ ನಿಶ್ಚಿಂತೆಯಿಂದ ಸುತ್ತಿ ರೂಢಿಯಾದವರಿಗೆ, ಮೊದಲೇ ದುಡ್ಡು ಕಟ್ಟಿ ಪಾಸ್ ಕೈಯಲ್ಲಿ ಹಿಡಿದರೇ ಸಮಾಧಾನ.

ಲಂಡನ್‌ನ ವ್ಯವಸ್ಥೆ ಹಾಗಿಲ್ಲ. ಅಲ್ಲಿ ಪಾಸ್ ಅನ್ನೋದು ಬಹುಪಾಲು ಸಂದರ್ಭಗಳಲ್ಲಿ ನೀವು ಓಡಾಡಿದ ಮೇಲೆ ತಾನಾಗಿಯೇ ಆಗುತ್ತದೆ. ಇದೊಂದು ವಿಷಯ ಗೊತ್ತಾದರೆ ಅರ್ಧ ಗೊಂದಲ ಕಳೆಯಿತು. ಉಳಿದ ಅರ್ಧ ನೀವು ಎಲ್ಲಿ ಉಳಿಯುತ್ತೀರಿ, ವಾರದ ಯಾವ ದಿನ ಇಳಿಯುತ್ತೀರಿ, ಜೊತೆಗೆ ಮಕ್ಕಳು ಅಥವಾ ವಯಸ್ಸಾದವರು ಇದ್ದಾರೆಯೇ ಎಂಬುದನ್ನು ಅವಲಂಬಿಸಿದೆ.

ಮೊದಲು ಪಟ್ಟಿಯಿಂದ ಎರಡು ಹೆಸರು ತೆಗೆದುಬಿಡೋಣ. ಲಂಡನ್ ಪಾಸ್ ಎಂಬುದು ಪ್ರವೇಶ ಶುಲ್ಕವಿರುವ ಪ್ರೇಕ್ಷಣೀಯ ಸ್ಥಳಗಳಿಗೆ ಮಾಡಿದ್ದು. ಅದನ್ನು ಹಿಡಿದು ಟ್ಯೂಬ್, ಅಂದರೆ ಲಂಡನ್‌ನ ಮೆಟ್ರೊ ರೈಲು ಹತ್ತಲಾಗದು. ಬ್ರಿಟ್‌ರೇಲ್ ಪಾಸ್ ಊರಿಂದೂರಿಗೆ ಹೋಗುವ ರೈಲುಗಳದ್ದು. ಅದೂ ಟ್ಯೂಬ್‌ನಲ್ಲಿ ನಡೆಯುವುದಿಲ್ಲ. ಎಡಿನ್‌ಬರೊ, ಯಾರ್ಕ್, ಬಾತ್ ಅಂತ ಹತ್ತು ದಿನ ರೈಲಿನಲ್ಲೇ ದೇಶ ಸುತ್ತುವವರು ಮಾತ್ರ ಅದರ ಬಗ್ಗೆ ಯೋಚಿಸಬೇಕು.

ಇಷ್ಟೊಂದು ಬಗೆ ಯಾಕಿವೆ? ಹೊಸದು ಬಂದಾಗ ಲಂಡನ್ ಹಳೆಯದನ್ನು ಪೂರ್ತಿ ತೆಗೆದುಹಾಕಲಿಲ್ಲ. ಬಸ್ಸು, ಟ್ಯೂಬ್ ಎರಡಕ್ಕೂ ಒಂದೇ ಚೀಟಿ ಎನ್ನುವ ಟ್ರಾವೆಲ್‌ಕಾರ್ಡ್ ಬಂದದ್ದು 1983ರಲ್ಲಿ. ಆಗ ಅದು ದೊಡ್ಡ ಅನುಕೂಲ. 2003ರಲ್ಲಿ ನೀಲಿ ಬಣ್ಣದ ಆಯ್ಸ್ಟರ್ ಕಾರ್ಡ್ ಬಂತು. ನಮ್ಮ ಮೆಟ್ರೊ ಸ್ಮಾರ್ಟ್ ಕಾರ್ಡಿನ ಹಾಗೆ ದುಡ್ಡು ತುಂಬಿಸಿ ಗೇಟಿಗೆ ಮುಟ್ಟಿಸುವುದು. 2005ರಲ್ಲಿ ಅದಕ್ಕೆ ದಿನದ ಮಿತಿ ಸೇರಿಸಿದರು: ಎಷ್ಟೇ ಸಲ ಹತ್ತಿಳಿದರೂ ಒಂದು ಮೊತ್ತ ದಾಟಿದ ಮೇಲೆ ಆ ದಿನ ಮತ್ತೆ ದುಡ್ಡು ಕತ್ತರಿಸುವುದಿಲ್ಲ. 2012ರ ಕೊನೆಗೆ ಬಸ್ಸಿನಲ್ಲಿ, 2014ರಲ್ಲಿ ಟ್ಯೂಬಿನಲ್ಲಿ ಬ್ಯಾಂಕ್ ಕಾರ್ಡನ್ನೇ ನೇರವಾಗಿ ಮುಟ್ಟಿಸಲು ಅವಕಾಶವಾಯಿತು (ಕಾಂಟ್ಯಾಕ್ಟ್‌ಲೆಸ್ ಅನ್ನೋದು ಇದನ್ನೇ), ಅದಕ್ಕೆ ವಾರದ ಮಿತಿಯೂ ಸೇರಿತು. ಆಯ್ಸ್ಟರ್‌ಗೂ ಅದೇ ವಾರದ ಮಿತಿ 2021ರಲ್ಲಿ ಬಂತು. 1983ರ ಟ್ರಾವೆಲ್‌ಕಾರ್ಡ್ ಮಾಡುತ್ತಿದ್ದ ಕೆಲಸವನ್ನು ಈಗ ನಿಮ್ಮ ಜೇಬಿನ ಬ್ಯಾಂಕ್ ಕಾರ್ಡೇ ಮಾಡುತ್ತದೆ. ಆದರೂ ಟ್ರಾವೆಲ್‌ಕಾರ್ಡ್ ಮಾರಾಟದಲ್ಲಿದೆ, ಪ್ರವಾಸಿಗಳು ಕೊಳ್ಳುತ್ತಲೇ ಇದ್ದಾರೆ.

ಮಿತಿ ಹೇಗೆ ಕೆಲಸ ಮಾಡುತ್ತದೆ

ಇಲ್ಲಿ ಕೊಡುವ ದರಗಳು 2025ರ ಮಾರ್ಚ್‌ನಲ್ಲಿ ಜಾರಿಗೆ ಬಂದವು. ಸಾಮಾನ್ಯವಾಗಿ ಮಾರ್ಚ್ ತಿಂಗಳಲ್ಲಿ ದರ ಪರಿಷ್ಕರಣೆ ಆಗುವುದರಿಂದ ಹೊರಡುವ ಮುನ್ನ ಅಲ್ಲಿನ ಸಾರಿಗೆ ಸಂಸ್ಥೆ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್‌ನ ಪುಟದಲ್ಲಿ ಹೊಸ ಅಂಕಿಗಳನ್ನು ನೋಡಿಕೊಳ್ಳಿ. ಲೆಕ್ಕ ಹಾಕುವ ರೀತಿ ಮಾತ್ರ ಇದೇ.

ನಕಾಶೆಯಲ್ಲಿ ಊರನ್ನು ಒಳಗಿನಿಂದ ಹೊರಗೆ ವಲಯಗಳಾಗಿ ಹಂಚಿದ್ದಾರೆ. ನಡುಮಧ್ಯದ್ದು ವಲಯ 1. ಹೀತ್ರೋ ವಿಮಾನ ನಿಲ್ದಾಣ ವಲಯ 6ರಲ್ಲಿದೆ. ಪ್ರವಾಸಿ ನೋಡಲು ಬಯಸುವುದರಲ್ಲಿ ಹೆಚ್ಚಿನದು ವಲಯ 1ರ ಒಳಗೇ ಇದೆ: ಪಾರ್ಲಿಮೆಂಟು, ಲಂಡನ್ ಟವರ್, ಬ್ರಿಟಿಷ್ ಮ್ಯೂಸಿಯಂ, ಬಕಿಂಗ್‌ಹ್ಯಾಮ್ ಅರಮನೆ, ಸೌತ್ ಕೆನ್ಸಿಂಗ್ಟನ್‌ನ ಮೂರು ದೊಡ್ಡ ಮ್ಯೂಸಿಯಂಗಳು. ಗ್ರೀನಿಚ್ ಸ್ವಲ್ಪ ಆಚೆ, ಕ್ಯೂ ಗಾರ್ಡನ್ಸ್ ಇನ್ನೂ ಆಚೆ. ಪ್ರಯಾಣ ದರ ಎರಡು ವಿಷಯದ ಮೇಲೆ ನಿಂತಿದೆ. ಒಂದು, ಎಷ್ಟು ವಲಯ ದಾಟಿದಿರಿ. ಇನ್ನೊಂದು, ಯಾವ ಹೊತ್ತಿನಲ್ಲಿ ಹೊರಟಿರಿ. ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 6.30ರಿಂದ 9.30, ಸಂಜೆ 4ರಿಂದ 7 ಪೀಕ್ ಸಮಯ, ಉಳಿದದ್ದು ಆಫ್-ಪೀಕ್. ವಲಯ 1ರ ಒಳಗೆ ಒಂದು ಪ್ರಯಾಣಕ್ಕೆ ಪೀಕ್‌ನಲ್ಲಿ 2.90 ಪೌಂಡ್, ಆಫ್-ಪೀಕ್‌ನಲ್ಲಿ 2.80. ವಲಯ 1 ಮತ್ತು 2ರ ದಿನದ ಮಿತಿ 8.90 ಪೌಂಡ್.

ಒಂದು ದಿನವನ್ನು ಹತ್ತಿರದಿಂದ ನೋಡೋಣ. ಪ್ಯಾಡಿಂಗ್ಟನ್ ಹತ್ತಿರ ರೂಮು ಮಾಡಿದ್ದೀರಿ. ತಿಂಡಿ ಮುಗಿಸಿ ಹತ್ತು ಗಂಟೆಗೆ ಹೊರಟು ಸೌತ್ ಕೆನ್ಸಿಂಗ್ಟನ್‌ನಲ್ಲಿ ಇಳಿದು ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನೋಡಿದಿರಿ: 2.80. ಮಧ್ಯಾಹ್ನ ಅಲ್ಲಿಂದ ವೆಸ್ಟ್‌ಮಿನ್‌ಸ್ಟರ್: ಮತ್ತೆ 2.80. ಮೂರು ಗಂಟೆಯ ಸುಮಾರಿಗೆ ಟವರ್ ಹಿಲ್: ಇನ್ನೊಂದು 2.80. ಅಲ್ಲಿಗೆ 8.40 ಆಯಿತು. ಸಂಜೆ ಐದೂವರೆಗೆ ಪ್ಯಾಡಿಂಗ್ಟನ್‌ಗೆ ವಾಪಸ್ ಬರುವಾಗ ಪೀಕ್ ದರ 2.90 ಆಗಬೇಕಿತ್ತು, ಆದರೆ ಮಿತಿಗೆ ಉಳಿದಿರುವುದು 50 ಪೆನ್ಸ್, ಅಷ್ಟನ್ನೇ ತೆಗೆದುಕೊಳ್ಳುತ್ತದೆ. ರಾತ್ರಿ ಊಟಕ್ಕೆ ಬಸ್ಸಿನಲ್ಲಿ ಹೋಗಿ ಬಂದರೆ ಅದಕ್ಕೆ ಏನೂ ಇಲ್ಲ. ಈ ದಿನ ಮುಗಿಯುವುದು ಮಧ್ಯರಾತ್ರಿ ಹನ್ನೆರಡಕ್ಕಲ್ಲ, ಮರುದಿನ ಬೆಳಗಿನ ಜಾವ ನಾಲ್ಕೂವರೆಗೆ. ನಾಟಕ ನೋಡಿ ತಡವಾಗಿ ಬಂದರೂ ಅದು ಅದೇ ದಿನದ ಲೆಕ್ಕ.

ಅಂದರೆ ನಾಲ್ಕನೇ ಸಲ ಹತ್ತಿದಾಗ ನಿಮ್ಮ ಕಾರ್ಡು ದಿನದ ಪಾಸ್ ಆಗಿಬಿಟ್ಟಿತು. ಎರಡೇ ಸಲ ಓಡಾಡಿ ಉಳಿದಂತೆ ನಡೆದುಕೊಂಡೇ ಸುತ್ತಿದರೆ 5.60 ಅಷ್ಟೇ. ಬೆಳಿಗ್ಗೆಯೇ ದಿನದ ಪಾಸ್ ಕೊಂಡವನು ಓಡಾಡಲಿ ಬಿಡಲಿ, ಪೂರ್ತಿ ದುಡ್ಡು ಕಟ್ಟಿರುತ್ತಾನೆ. ಒಂದು ದಿನದ ಕಾಗದದ ಟ್ರಾವೆಲ್‌ಕಾರ್ಡ್ ವಲಯ 1, 2ಕ್ಕೆ ಅಂತ ಪ್ರತ್ಯೇಕವಾಗಿ ಸಿಗುವುದೂ ಇಲ್ಲ. ಅದರ ಬೆಲೆ ಈ 8.90ಕ್ಕಿಂತ ಎಷ್ಟೋ ಮೇಲೆ. ನಗರದ ನಡುವೆ ಮಾತ್ರ ಸುತ್ತುವವರು ಅದನ್ನು ಕೊಳ್ಳಲು ನನಗಂತೂ ಒಂದು ಕಾರಣವೂ ಕಾಣುವುದಿಲ್ಲ.

ವಾರದ ಲೆಕ್ಕದಲ್ಲೊಂದು ತಿರುವು

ವಲಯ 1, 2ರ ವಾರದ ಮಿತಿ 44.70 ಪೌಂಡ್. ದಿನದ ಮಿತಿಯ ಸುಮಾರು ಐದು ಪಟ್ಟು. ದಿನವೂ ಮಿತಿ ಮುಟ್ಟುವಷ್ಟು ಸುತ್ತಿದರೆ ಆರನೇ, ಏಳನೇ ದಿನ ಹೆಚ್ಚುಕಡಿಮೆ ಬಿಟ್ಟಿ. ಏಳು ದಿನದ ಟ್ರಾವೆಲ್‌ಕಾರ್ಡಿನ ಬೆಲೆಯೂ ಅದೇ 44.70. ಹಾಗಾದರೆ ಎರಡಕ್ಕೂ ವ್ಯತ್ಯಾಸ ಏನು? ವಾರದ ಮಿತಿ ಸೋಮವಾರ ಶುರುವಾಗಿ ಭಾನುವಾರ ಮುಗಿಯುತ್ತದೆ, ನೀವು ಯಾವತ್ತು ಬಂದಿಳಿದರೂ ಸರಿ. ಟ್ರಾವೆಲ್‌ಕಾರ್ಡನ್ನು ಯಾವ ದಿನದಿಂದ ಬೇಕಾದರೂ ಶುರುಮಾಡಬಹುದು.

ಸೋಮವಾರದಿಂದ ಭಾನುವಾರದವರೆಗೆ ಇರುವವರಿಗೆ ಇದರಿಂದ ಏನೂ ಬದಲಾಗದು; ಬ್ಯಾಂಕ್ ಕಾರ್ಡ್ ಮುಟ್ಟಿಸುತ್ತಾ ಹೋಗಲಿ, 44.70ಕ್ಕೆ ತಾನೇ ನಿಲ್ಲುತ್ತದೆ. ಗುರುವಾರ ಓಡಾಟ ಶುರುಮಾಡಿ ಮುಂದಿನ ಬುಧವಾರ ಮುಗಿಸುವವರ ಲೆಕ್ಕ ಬೇರೆ. ಗುರುವಾರದಿಂದ ಭಾನುವಾರ ನಾಲ್ಕು ದಿನ, ದಿನಕ್ಕೆ 8.90ರಂತೆ 35.60. ವಾರದ ಮಿತಿ ಮುಟ್ಟಲಿಲ್ಲ. ಸೋಮವಾರ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಮೂರು ದಿನಕ್ಕೆ 26.70. ಒಟ್ಟು 62.30. ಅದೇ ಏಳು ದಿನಕ್ಕೆ ಟ್ರಾವೆಲ್‌ಕಾರ್ಡ್ ಮಾಡಿಸಿದ್ದರೆ 44.70, ಅದನ್ನು ಹಾಕಿಸಲು ಬೇಕಾದ ಆಯ್ಸ್ಟರ್ ಕಾರ್ಡಿಗೆ 2025ರ ಸೆಪ್ಟೆಂಬರ್‌ನಿಂದ 10 ಪೌಂಡ್, ಒಟ್ಟು 54.70. ಒಬ್ಬರಿಗೆ ಏಳೂವರೆ ಪೌಂಡಿನಷ್ಟು ಉಳಿತಾಯ.

ಆದರೆ ನೀವು ನಿಜಕ್ಕೂ ಅಷ್ಟು ಓಡಾಡುತ್ತೀರಾ? 54.70ನ್ನು ಆಫ್-ಪೀಕ್ ದರ 2.80ರಿಂದ ಭಾಗಿಸಿ. ಸುಮಾರು ಇಪ್ಪತ್ತು ಪ್ರಯಾಣ. ಏಳು ದಿನದಲ್ಲಿ ಇಪ್ಪತ್ತು ಸಲ ಟ್ಯೂಬ್ ಹತ್ತಿದರೆ ಮಾತ್ರ ಹಾಕಿದ ದುಡ್ಡು ಹುಟ್ಟುತ್ತದೆ. ದಿನಕ್ಕೆ ಮೂರು ಸಲ ಹತ್ತುವವರಿಗೆ ಅಲ್ಪ ಲಾಭ. ದಿನಕ್ಕೆ ಎರಡೇ ಸಲ, ಬೆಳಿಗ್ಗೆ ಹೋಗಿ ಸಂಜೆ ಬರುವುದು ಎನ್ನುವವರಿಗೆ ಏಳು ದಿನಕ್ಕೆ 39.20ರಲ್ಲಿ ಮುಗಿಯುತ್ತದೆ; ಅವರಿಗೆ ಟ್ರಾವೆಲ್‌ಕಾರ್ಡ್ ನಷ್ಟ. ಪಾಸ್ ಕೊಳ್ಳುವ ಮುನ್ನ ಒಂದು ಹಾಳೆಯಲ್ಲಿ ಯಾವ ದಿನ ಎಲ್ಲೆಲ್ಲಿಗೆ ಅಂತ ಬರೆದು, ಎಷ್ಟು ಸಲ ರೈಲು ಹತ್ತಬೇಕಾಗುತ್ತದೆ ಎಂದು ಎಣಿಸಿ ಎನ್ನುವುದು ಇದಕ್ಕೇ. ಅರ್ಧ ಗಂಟೆಯ ಕೆಲಸ. ಜಾಹೀರಾತು ಏನೇ ಹೇಳಲಿ, ನಿಮ್ಮ ಉತ್ತರ ಆ ಹಾಳೆಯಲ್ಲಿದೆ.

ಉಳಿಯುವ ಜಾಗವೂ ಇದೇ ಲೆಕ್ಕಕ್ಕೆ ಸೇರಬೇಕು. ದೂರದಲ್ಲಿ ರೂಮು ಅಗ್ಗ ಎಂದು ವಲಯ 6ರಲ್ಲಿ ಉಳಿದರೆ ದಿನದ ಮಿತಿ 8.90ರ ಬದಲು 16.30. ಒಬ್ಬರಿಗೆ ದಿನಕ್ಕೆ 7.40 ಹೆಚ್ಚು, ನಾಲ್ಕು ಜನರ ಕುಟುಂಬಕ್ಕೆ, ಎಲ್ಲರೂ ದೊಡ್ಡವರಾದರೆ, ಸುಮಾರು 30 ಪೌಂಡ್. ಜೊತೆಗೆ ಹೋಗಿಬರುವ ಹೊತ್ತು. ರೂಮಿನ ಬಾಡಿಗೆಯಲ್ಲಿ ಉಳಿದದ್ದು ರೈಲಿಗೆ ಹೋಗುತ್ತದೆ. ಇನ್ನೊಂದು ಸಣ್ಣ ವಿಷಯ: ಕೆಲವು ಸ್ಟೇಷನ್‌ಗಳು ಎರಡು ವಲಯಗಳ ಗಡಿಯಲ್ಲಿವೆ. ದಕ್ಷಿಣ ಭಾರತದ ಹೋಟೆಲುಗಳಿರುವ ಈಸ್ಟ್ ಹ್ಯಾಮ್ ವಲಯ 3ಕ್ಕೂ 4ಕ್ಕೂ ಸೇರುತ್ತದೆ. ನಗರದ ಕಡೆಗೆ ಹೊರಟರೆ ಅದನ್ನು 3 ಎಂದೇ ಎಣಿಸುತ್ತಾರೆ, ದರ ಕಡಿಮೆ ಬೀಳುತ್ತದೆ.

ನೆಂಟರ ಮನೆಯಲ್ಲಿ ಉಳಿಯುವವರು ಒಂದನ್ನು ಮುಖ್ಯವಾಗಿ ಕೇಳಿಕೊಳ್ಳಬೇಕು. ಹೌನ್ಸ್ಲೋ, ಹ್ಯಾರೋ ವಲಯಗಳ ಒಳಗೇ ಇವೆ. ಸ್ಲೌ ಹೊರಗಿದೆ. ಎಲಿಜಬೆತ್ ಲೈನ್ ರೈಲು ಸ್ಲೌ ದಾಟಿ ರೆಡಿಂಗ್‌ವರೆಗೂ ಹೋಗುತ್ತದೆ ನಿಜ, ಆದರೆ ವೆಸ್ಟ್ ಡ್ರೇಟನ್‌ನಿಂದ ಪಶ್ಚಿಮಕ್ಕೆ ಆಯ್ಸ್ಟರ್ ಕಾರ್ಡ್ ನಡೆಯುವುದಿಲ್ಲ. ಬ್ಯಾಂಕಿನ ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ನಡೆಯುತ್ತದೆ. ಸ್ಲೌನಲ್ಲಿರುವ ಅಣ್ಣನ ಮನೆಗೆ ಹೋಗುವವರು ಆಯ್ಸ್ಟರ್ ಕೊಂಡು ಹೊರಟರೆ ಇಳಿಯುವಾಗ ಗೇಟು ತೆರೆಯದು. ಲೂಟನ್ ವಿಮಾನ ನಿಲ್ದಾಣದ ಕಥೆಯೂ ಇದೇ. ಗ್ಯಾಟ್‌ವಿಕ್‌ಗೆ ಎರಡೂ ನಡೆಯುತ್ತವೆ. ಆಕ್ಸ್‌ಫರ್ಡ್, ಬಾತ್, ಎಡಿನ್‌ಬರೊ ಅಂತ ದೂರದ ಊರುಗಳಿಗೆ ಇವು ಯಾವುದೂ ಅಲ್ಲ, ಪ್ರತ್ಯೇಕ ರೈಲು ಟಿಕೆಟ್. ಮುಂಚಿತವಾಗಿ ಕೊಂಡಷ್ಟೂ ಅಗ್ಗ.

ನಮ್ಮ ಕಾರ್ಡ್ ಅಲ್ಲಿ ನಡೆಯುತ್ತದೆಯೇ

ಕಾಂಟ್ಯಾಕ್ಟ್‌ಲೆಸ್ ಒಳ್ಳೆಯದು ಅಂದಾಯಿತು. ನಮ್ಮವರಿಗೆ ಎದುರಾಗುವ ನಿಜವಾದ ತೊಡಕು ಇಲ್ಲಿದೆ. ಲಂಡನ್ ಗೇಟುಗಳು ಒಪ್ಪುವುದು ವೀಸಾ, ಮಾಸ್ಟರ್‌ಕಾರ್ಡ್, ಅಮೆರಿಕನ್ ಎಕ್ಸ್‌ಪ್ರೆಸ್. ನಿಮ್ಮ ಡೆಬಿಟ್ ಕಾರ್ಡ್ ರೂಪೇ ಆಗಿದ್ದರೆ ಅದನ್ನು ನೆಚ್ಚಿಕೊಳ್ಳಬೇಡಿ. ಯುಪಿಐ ಕ್ಯೂಆರ್ ತೋರಿಸಿ ಒಳಗೆ ಹೋಗುವ ವ್ಯವಸ್ಥೆಯೂ ಆ ಗೇಟುಗಳಲ್ಲಿಲ್ಲ.

ಕಾರ್ಡಿನ ಮೇಲೆ ಅಲೆಯಂಥ ನಾಲ್ಕು ಗೆರೆಗಳ ಗುರುತು ಇದ್ದ ಮಾತ್ರಕ್ಕೆ ಮುಗಿಯಲಿಲ್ಲ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ಪ್ರಕಾರ, ನಮ್ಮಲ್ಲಿ ಹೊಸದಾಗಿ ಕೊಡುವ ಕಾರ್ಡುಗಳು ಮೊದಲಿಗೆ ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಯಂತ್ರಗಳಿಗೆ ಮಾತ್ರ ತೆರೆದಿರುತ್ತವೆ. ವಿದೇಶಿ ಬಳಕೆಯನ್ನೂ ಕಾಂಟ್ಯಾಕ್ಟ್‌ಲೆಸ್ ಬಳಕೆಯನ್ನೂ ಗ್ರಾಹಕರೇ ಪ್ರತ್ಯೇಕವಾಗಿ ಆನ್ ಮಾಡಿಕೊಳ್ಳಬೇಕು. ಬ್ಯಾಂಕಿನ ಆ್ಯಪ್ ತೆರೆದು, ಕಾರ್ಡಿನ ಸೆಟ್ಟಿಂಗ್ಸ್‌ಗೆ ಹೋಗಿ, ಈ ಎರಡೂ ಆನ್ ಆಗಿವೆಯೇ ನೋಡಿ. ದಿನದ ಮಿತಿಯನ್ನೂ ಒಮ್ಮೆ ಗಮನಿಸಿ. ಇದನ್ನು ಊರಲ್ಲಿರುವಾಗಲೇ ಮಾಡಿ. ಅಲ್ಲಿ ಇಳಿದ ಮೇಲೆ ಬ್ಯಾಂಕಿನ ಒಟಿಪಿ ಬರುವ ಸಿಮ್‌ಗೆ ರೋಮಿಂಗ್ ಇಲ್ಲದಿದ್ದರೆ, ಗೇಟಿನ ಮುಂದೆ ಲಗೇಜು ಹಿಡಿದು ನಿಂತು ಪರದಾಡಬೇಕಾಗುತ್ತದೆ.

ವಿದೇಶದಲ್ಲಿ ಕಾರ್ಡ್ ಬಳಸಿದ್ದಕ್ಕೆ ಬ್ಯಾಂಕಿನ ಮಾರ್ಕಪ್ ಶುಲ್ಕ ಬೀಳುತ್ತದೆ, ಅದಕ್ಕೆ ಆಯ್ಸ್ಟರ್ರೇ ವಾಸಿ ಎಂದು ಹಲವರು ಹೇಳುತ್ತಾರೆ. ಲೆಕ್ಕ ಮಾಡಿ ನೋಡಿ. ನಮ್ಮಲ್ಲಿ ಎಷ್ಟೋ ಕ್ರೆಡಿಟ್ ಕಾರ್ಡುಗಳ ಮಾರ್ಕಪ್ ಶೇ 3.5, ಅದರ ಮೇಲೆ ಜಿಎಸ್‌ಟಿ. ವಾರಕ್ಕೆ 44.70 ಪೌಂಡ್ ಖರ್ಚಾದರೆ ಮಾರ್ಕಪ್ ಎರಡು ಪೌಂಡಿನೊಳಗೆ. ಆಯ್ಸ್ಟರ್ ಕಾರ್ಡಿಗೆ ಕಟ್ಟುವ 10 ಪೌಂಡ್ ವಾಪಸ್ ಬರುವುದಿಲ್ಲ. ಅದಕ್ಕೆ ದುಡ್ಡು ತುಂಬಲು ಅದೇ ಕ್ರೆಡಿಟ್ ಕಾರ್ಡ್ ಬಳಸಿದರೆ ಮಾರ್ಕಪ್ ಕೂಡ ತಪ್ಪದು. ಪೌಂಡ್ ತುಂಬಿಸಿಕೊಂಡ ಫಾರೆಕ್ಸ್ ಕಾರ್ಡ್ ಇದ್ದರೆ ಆ ಎರಡು ಪೌಂಡೂ ಉಳಿಯುತ್ತದೆ. ಕಾಂಟ್ಯಾಕ್ಟ್‌ಲೆಸ್‌ನ ಇನ್ನೊಂದು ಅನುಕೂಲ: ಪ್ರತಿ ಸಲ ಮುಟ್ಟಿಸಿದಾಗಲೂ ಬೇರೆ ಬೇರೆಯಾಗಿ ದುಡ್ಡು ಕತ್ತರಿಸುವುದಿಲ್ಲ, ಇಡೀ ದಿನದ್ದನ್ನು ಒಟ್ಟು ಮಾಡಿ ಒಂದೇ ಸಲ ತೆಗೆಯುತ್ತಾರೆ. ಪ್ರತಿ ವಿದೇಶಿ ವಹಿವಾಟಿಗೆ ಇಂತಿಷ್ಟು ಅಂತ ಶುಲ್ಕ ಹಾಕುವ ಡೆಬಿಟ್ ಕಾರ್ಡ್ ಇರುವವರಿಗೂ ಅದು ದಿನಕ್ಕೊಂದೇ ಬಾರಿ.

ಗಂಡ ಹೆಂಡತಿ ಇಬ್ಬರಿದ್ದು ಕಾರ್ಡ್ ಒಂದೇ ಇದ್ದರೆ? ಆಗದು. ಒಬ್ಬರಿಗೆ ಒಂದು ಕಾರ್ಡ್, ಇದು ಕಟ್ಟುನಿಟ್ಟು. ಒಂದೇ ಖಾತೆಗೆ ಆ್ಯಡ್-ಆನ್ ಕಾರ್ಡ್ ಇದ್ದರೆ ಸಾಕು, ಸಂಖ್ಯೆ ಬೇರೆ ಇರಬೇಕು. ಹಾಗೆಯೇ ಕಾರ್ಡನ್ನು ಫೋನಿಗೆ ಸೇರಿಸಿಕೊಂಡಿದ್ದರೆ, ಫೋನನ್ನು ಮುಟ್ಟಿಸಿದ್ದೂ ಕಾರ್ಡನ್ನು ಮುಟ್ಟಿಸಿದ್ದೂ ಬೇರೆ ಬೇರೆ ಲೆಕ್ಕ. ಹತ್ತುವಾಗ ಫೋನು, ಇಳಿಯುವಾಗ ಕಾರ್ಡು ಮಾಡಿದರೆ ಎರಡು ಅಪೂರ್ಣ ಪ್ರಯಾಣ, ಎರಡಕ್ಕೂ ಗರಿಷ್ಠ ದರ. ಆ ದಂಡದಂಥ ದರ ಮಿತಿಯ ಲೆಕ್ಕಕ್ಕೂ ಸೇರುವುದಿಲ್ಲ. ಬೆಳಿಗ್ಗೆ ಯಾವುದರಿಂದ ಶುರುಮಾಡಿದಿರೋ ರಾತ್ರಿಯವರೆಗೂ ಅದೇ. ಪರ್ಸಿನಲ್ಲಿ ಎರಡು ಮೂರು ಕಾರ್ಡಿದ್ದರೆ ಬೇಕಾದ್ದನ್ನು ಹೊರಗೆ ತೆಗೆದು ಹಳದಿ ರೀಡರ್‌ಗೆ ಮುಟ್ಟಿಸಿ, ಪರ್ಸನ್ನೇ ಒತ್ತಬೇಡಿ.

ಇಳಿಯುವಾಗ ಮುಟ್ಟಿಸಲು ಮರೆಯುವುದು ಎಲ್ಲಿ ಅಂದರೆ ಗೇಟಿಲ್ಲದ ಸ್ಟೇಷನ್‌ಗಳಲ್ಲಿ. ಗ್ರೀನಿಚ್ ಕಡೆ ಹೋಗುವ ಡಿಎಲ್‌ಆರ್ ಎಂಬ ಲಘು ರೈಲಿನ ಎಷ್ಟೋ ಸ್ಟೇಷನ್‌ಗಳಲ್ಲಿ ತಡೆಗೇಟು ಇಲ್ಲ, ಕಂಬಕ್ಕೆ ಒಂದು ರೀಡರ್ ಮಾತ್ರ. ಮಾತಾಡುತ್ತಾ ಆಚೆ ನಡೆದುಬಿಡುವುದು ಸುಲಭ. ಟ್ಯೂಬ್, ಡಿಎಲ್‌ಆರ್, ಓವರ್‌ಗ್ರೌಂಡ್ ಎಂಬ ನಗರ ರೈಲು, ಎಲಿಜಬೆತ್ ಲೈನ್ ಎಲ್ಲದರಲ್ಲೂ ಒಳಗೆ ಹೋಗುವಾಗ, ಹೊರಗೆ ಬರುವಾಗ ಎರಡೂ ಸಲ ಮುಟ್ಟಿಸಬೇಕು. ಬಸ್ಸಿನಲ್ಲಿ ಹತ್ತುವಾಗ ಒಮ್ಮೆ ಸಾಕು. ಬಸ್ಸಿನಲ್ಲಿ 2014ರ ಜುಲೈನಿಂದ ನಗದು ತೆಗೆದುಕೊಳ್ಳುವುದಿಲ್ಲ ಎಂಬುದೂ ನೆನಪಿರಲಿ. ಚಿಲ್ಲರೆ ಹಿಡಿದು ಹತ್ತಿದರೆ ಇಳಿಸುತ್ತಾರೆ. ಕೆಲವು ಇಂಟರ್‌ಚೇಂಜ್ ಸ್ಟೇಷನ್‌ಗಳಲ್ಲಿ ಗುಲಾಬಿ ಬಣ್ಣದ ರೀಡರ್ ಕಾಣುತ್ತದೆ. ವಲಯ 1ರೊಳಗೆ ಹೋಗದೆ ಸುತ್ತುದಾರಿಯಲ್ಲಿ ರೈಲು ಬದಲಿಸಿದವರು ಅದಕ್ಕೂ ಒಮ್ಮೆ ಮುಟ್ಟಿಸಿದರೆ ಕಡಿಮೆ ದರ ಬೀಳುತ್ತದೆ.

ಮಕ್ಕಳು, ಅಪ್ಪ-ಅಮ್ಮ

ಕಾಂಟ್ಯಾಕ್ಟ್‌ಲೆಸ್ ಸಾಕು ಎಂಬ ಮಾತು ತಪ್ಪಾಗುವುದು ಇಲ್ಲಿ. ಬ್ಯಾಂಕ್ ಕಾರ್ಡಿಗೆ ನಿಮ್ಮ ವಯಸ್ಸು ಗೊತ್ತಿಲ್ಲ; ಯಾರು ಮುಟ್ಟಿಸಿದರೂ ದೊಡ್ಡವರ ದರವೇ.

ಐದು ವರ್ಷದೊಳಗಿನ ಮಕ್ಕಳಿಗೆ ಎಲ್ಲೂ ಟಿಕೆಟ್ ಬೇಡ. ಐದರಿಂದ ಹತ್ತು ವರ್ಷದವರು ಟ್ಯೂಬ್, ಡಿಎಲ್‌ಆರ್, ಓವರ್‌ಗ್ರೌಂಡ್, ಎಲಿಜಬೆತ್ ಲೈನ್‌ಗಳಲ್ಲಿ ದೊಡ್ಡವರ ಜೊತೆ ಉಚಿತ. ಒಬ್ಬ ದೊಡ್ಡವರ ಜೊತೆ ನಾಲ್ಕು ಮಕ್ಕಳವರೆಗೆ. ಅಗಲದ ಗೇಟಿನಲ್ಲಿ ನೀವು ಮುಟ್ಟಿಸಿ, ಮಗುವನ್ನು ಜೊತೆಗೇ ಕರೆದುಕೊಂಡು ಹೋಗಿ. ಹನ್ನೊಂದರಿಂದ ಹದಿನೈದರವರಿಗಾಗಿ ಒಂದು ಒಳ್ಳೆಯ ಸೌಲಭ್ಯವಿದೆ, ಪ್ರವಾಸಿ ಕುಟುಂಬಗಳಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಮಗುವಿಗೆ ಒಂದು ಆಯ್ಸ್ಟರ್ ಕಾರ್ಡ್ ಕೊಂಡು, ಟ್ಯೂಬ್ ಸ್ಟೇಷನ್‌ನ ಸಿಬ್ಬಂದಿಗೆ ‘ಯಂಗ್ ವಿಸಿಟರ್ ಡಿಸ್ಕೌಂಟ್ ಹಾಕಿಕೊಡಿ’ ಎಂದು ಕೇಳಬೇಕು. ಮಗು ಜೊತೆಗಿರಬೇಕು. ಹದಿನಾಲ್ಕು ದಿನದವರೆಗೆ ಅರ್ಧ ದರ. ಕಾರ್ಡಿನ 10 ಪೌಂಡ್ ಕಳೆದರೂ ಒಂದು ವಾರ ಚೆನ್ನಾಗಿ ಓಡಾಡುವ ಕುಟುಂಬಕ್ಕೆ ಇದರಿಂದ ಲಾಭವೇ. ಎರಡು ದಿನದ ಭೇಟಿಗಾದರೆ ಬೇಡ. ಹದಿನಾರು ತುಂಬಿದ ಪ್ರವಾಸಿ ಮಗುವಿಗೆ ದೊಡ್ಡವರ ದರವೇ ಎಂದು ಲೆಕ್ಕ ಇಟ್ಟುಕೊಳ್ಳಿ.

ಈಗ ಅಪ್ಪ-ಅಮ್ಮಂದಿರ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮಗಳೋ ಮಗನೋ ಅಲ್ಲಿ ಕೆಲಸದಲ್ಲಿದ್ದು ಮೊಮ್ಮಗುವನ್ನು ನೋಡಿಕೊಳ್ಳಲು ಮೂರು, ನಾಲ್ಕು ತಿಂಗಳು ಹೋಗಿ ಇರುವ ಹಿರಿಯರು ನಮ್ಮಲ್ಲಿ ಸಾಕಷ್ಟಿದ್ದಾರೆ. ಅರವತ್ತು ದಾಟಿದವರಿಗೆ ಲಂಡನ್‌ನಲ್ಲಿ ಉಚಿತ ಪ್ರಯಾಣ ಎಂದು ಕೇಳಿ ಹೋಗುತ್ತಾರೆ. ಆ ಉಚಿತ ಕಾರ್ಡುಗಳು ಲಂಡನ್ ನಿವಾಸಿಗಳಿಗೆ ಮಾತ್ರ. ವಿಸಿಟರ್ ವೀಸಾದಲ್ಲಿರುವವರಿಗೆ ಸಿಗದು. ಅವರಿಗೆ ಸಿಗುವುದು ಸೀನಿಯರ್ ರೇಲ್‌ಕಾರ್ಡ್, ರೈಲು ದರದಲ್ಲಿ ರಿಯಾಯಿತಿ ಕೊಡುವ ಕಾರ್ಡು. ಅರವತ್ತು ತುಂಬಿದ ಯಾರೂ ಕೊಳ್ಳಬಹುದು, ಬ್ರಿಟಿಷ್ ಪ್ರಜೆಯೇ ಆಗಬೇಕೆಂದಿಲ್ಲ. ವಯಸ್ಸಿಗೆ ಪುರಾವೆಯಾಗಿ ಪಾಸ್‌ಪೋರ್ಟ್ ಸಾಕು. 2025ರ ಮಾರ್ಚ್‌ನಿಂದ ವರ್ಷಕ್ಕೆ 35 ಪೌಂಡ್.

ಇದನ್ನು ಕೊಂಡು ಸುಮ್ಮನೆ ಜೇಬಿನಲ್ಲಿಟ್ಟುಕೊಂಡರೆ ಟ್ಯೂಬ್‌ನಲ್ಲಿ ಏನೂ ಉಪಯೋಗವಿಲ್ಲ. ಟ್ಯೂಬ್ ಸ್ಟೇಷನ್‌ಗೆ ಹೋಗಿ, ಸಿಬ್ಬಂದಿಯ ಕೈಯಲ್ಲಿ ರೇಲ್‌ಕಾರ್ಡನ್ನು ಆಯ್ಸ್ಟರ್ ಕಾರ್ಡಿಗೆ ಜೋಡಿಸಿಕೊಳ್ಳಬೇಕು. ಬ್ಯಾಂಕ್ ಕಾರ್ಡಿಗೆ ಜೋಡಿಸಲು ಬರುವುದಿಲ್ಲ. ಜೋಡಿಸಿದ ಮೇಲೆ ಆಫ್-ಪೀಕ್ ಪ್ರಯಾಣಕ್ಕೂ ಆಫ್-ಪೀಕ್ ದಿನದ ಮಿತಿಗೂ ಮೂರನೇ ಒಂದು ಭಾಗ ರಿಯಾಯಿತಿ. ಬಸ್ಸಿಗೆ ಇದು ಅನ್ವಯಿಸದು. ವಲಯ 1ರ ಒಂದು ಪ್ರಯಾಣಕ್ಕೆ ಉಳಿಯುವುದು ಒಂದು ಪೌಂಡಿಗೂ ಸ್ವಲ್ಪ ಕಡಿಮೆ. ಬರೀ ಟ್ಯೂಬ್ ಆದರೆ ರೇಲ್‌ಕಾರ್ಡಿನ 35, ಆಯ್ಸ್ಟರ್‌ನ 10 ಹುಟ್ಟಲು ಸುಮಾರು ಐವತ್ತು ಪ್ರಯಾಣ ಬೇಕು. ಒಂದು ವಾರಕ್ಕೆ ಹೋಗುವವರಿಗೆ ಇದು ಬೇಡ. ಆದರೆ ದೂರದ ರೈಲಿಗೂ ಮೂರನೇ ಒಂದು ಭಾಗ ರಿಯಾಯಿತಿ ಸಿಗುವುದರಿಂದ, ಇಬ್ಬರೂ ಒಮ್ಮೆ ಎಡಿನ್‌ಬರೊಗೋ ಬಾತ್‌ಗೋ ಹೋಗಿಬಂದರೆ ಅದರ ಬೆಲೆಯ ದೊಡ್ಡ ಪಾಲು ಅಲ್ಲೇ ವಾಪಸ್. ಭಾರತೀಯ ರೈಲ್ವೆಯಲ್ಲಿ ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಮೇಲೆ ನಮ್ಮ ಹಿರಿಯರು ಅಂಥದ್ದನ್ನು ಕೇಳುವುದನ್ನೇ ಬಿಟ್ಟಿದ್ದಾರೆ. ಅಲ್ಲಿ ಕೇಳಬೇಕು. ಮೂರು ತಿಂಗಳು ಉಳಿಯುವ ತಂದೆತಾಯಿಗೆ ಮಕ್ಕಳು ಮೊದಲ ವಾರದಲ್ಲೇ ಇದನ್ನು ಮಾಡಿಸಿಕೊಟ್ಟರೆ, ಅವರು ‘ಸುಮ್ಮನೆ ದುಡ್ಡು ಯಾಕೆ’ ಎನ್ನುತ್ತಾ ಮನೆಯಲ್ಲೇ ಕೂರುವುದು ತಪ್ಪೀತು.

ಓದಲು ಹೋಗುವವರಿಗೂ ಇದೇ ಬಗೆಯ ದಾರಿಯಿದೆ: 16ರಿಂದ 25ರ ವಯಸ್ಸಿನವರ ರೇಲ್‌ಕಾರ್ಡನ್ನು ಹೀಗೆಯೇ ಆಯ್ಸ್ಟರ್‌ಗೆ ಜೋಡಿಸಬಹುದು.

ವಿಮಾನ ಇಳಿದ ದಿನ

ಬೆಂಗಳೂರಿನಿಂದ ನೇರ ವಿಮಾನದಲ್ಲಿ ಹೋದವರು ಇಳಿಯುವುದು ಹೀತ್ರೋದಲ್ಲಿ. ಅಲ್ಲಿಂದ ನಗರಕ್ಕೆ ಮೂರು ರೈಲು. ಪಿಕಡಿಲಿ ಲೈನ್ ಟ್ಯೂಬ್ 5.80 ಪೌಂಡ್, ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಎಲಿಜಬೆತ್ ಲೈನ್ 13.90, ಸುಮಾರು ಅರ್ಧ ಗಂಟೆ. ಹೀತ್ರೋ ಎಕ್ಸ್‌ಪ್ರೆಸ್ ಪ್ಯಾಡಿಂಗ್ಟನ್‌ಗೆ ಕಾಲು ಗಂಟೆ, ಹತ್ತುವ ಹೊತ್ತಿಗೆ ಕೊಂಡರೆ ಬೆಲೆ 25 ಪೌಂಡಿನ ಆಸುಪಾಸು, ಮತ್ತು ಅದು ದಿನದ ಮಿತಿಯ ಲೆಕ್ಕಕ್ಕೆ ಸೇರದು. 2022ರ ಸೆಪ್ಟೆಂಬರ್‌ನಿಂದ ಹೀತ್ರೋ ಮತ್ತು ವಲಯ 1ರ ನಡುವೆ ಟ್ಯೂಬ್‌ನಲ್ಲಿ ಯಾವ ಹೊತ್ತಿಗೂ ಪೀಕ್ ದರವೇ, ಆದ್ದರಿಂದ ದರ ಇಳಿಯಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ದುಡ್ಡಿನ ಲೆಕ್ಕದಲ್ಲಿ ಪಿಕಡಿಲಿ ಗೆಲ್ಲುತ್ತದೆ. ಆದರೆ ಇಪ್ಪತ್ತಮೂರು ಕೆಜಿಯ ಎರಡೆರಡು ಸೂಟ್‌ಕೇಸು, ಒಳಗೆ ಉಪ್ಪಿನಕಾಯಿ, ಸಾರಿನಪುಡಿ, ಜೊತೆಗೆ ಮಂಡಿನೋವಿನ ಅಮ್ಮ ಇದ್ದರೆ ನಾನು ಎಲಿಜಬೆತ್ ಲೈನ್ ಎಂದೇ ಹೇಳುತ್ತೇನೆ. ಅದರ ಪ್ರತಿ ಸ್ಟೇಷನ್‌ನಲ್ಲೂ ರಸ್ತೆಯಿಂದ ಪ್ಲಾಟ್‌ಫಾರ್ಮ್‌ವರೆಗೆ ಮೆಟ್ಟಿಲಿಲ್ಲದೆ ಲಿಫ್ಟಿನಲ್ಲಿ ಹೋಗಬಹುದು. ಹಳೆಯ ಟ್ಯೂಬ್ ಸ್ಟೇಷನ್‌ಗಳಲ್ಲಿ ಎಷ್ಟೋ ಕಡೆ ಲಿಫ್ಟ್ ಇಲ್ಲ. ನಕಾಶೆಯಲ್ಲಿ ಗಾಲಿಕುರ್ಚಿಯ ಗುರುತು ಇರುವ ಸ್ಟೇಷನ್ ನೋಡಿ ಇಳಿಯುವ ಜಾಗ ಆರಿಸಿಕೊಳ್ಳಿ.

ವಲಯ 1, 2ರ ಟ್ರಾವೆಲ್‌ಕಾರ್ಡ್ ಮಾಡಿಸಿದವರು ಒಂದನ್ನು ಮರೆಯಬಾರದು: ಅದು ಹೀತ್ರೋವರೆಗೆ ಬರುವುದಿಲ್ಲ. ವಲಯ 2ರ ಆಚೆಗಿನ ದೂರಕ್ಕೆ ಹೆಚ್ಚುವರಿ ದರವನ್ನು ಆಯ್ಸ್ಟರ್‌ನಲ್ಲಿರುವ ಬಿಡಿ ಮೊತ್ತದಿಂದ ತೆಗೆಯುತ್ತದೆ. ವಾಪಸಾಗುವ ದಿನಕ್ಕೆ ಐದಾರು ಪೌಂಡ್ ಅದರಲ್ಲಿರಲಿ.

ಟ್ಯೂಬ್ ಬಿಟ್ಟು

ನಕಾಶೆ ನೋಡಿ ದೂರ ಅಳೆಯಬೇಡಿ. ಅದನ್ನು ಅಳತೆಗೆ ಬರೆದಿಲ್ಲ. ಲೆಸ್ಟರ್ ಸ್ಕ್ವೇರ್‌ನಿಂದ ಕಾವೆಂಟ್ ಗಾರ್ಡನ್ ಒಂದು ಸ್ಟೇಷನ್. ನೆಲದ ಮೇಲೆ ಅದು ಸುಮಾರು 300 ಮೀಟರ್. ಅದಕ್ಕೂ ಅದೇ 2.80, ಜೊತೆಗೆ ಕೆಳಗಿಳಿದು ಮೇಲೆ ಬರುವ ಹೊತ್ತು.

ಬಸ್ಸನ್ನು ಪ್ರವಾಸಿಗಳು ಕಡೆಗಣಿಸುವುದು ನೋಡಿದರೆ ಬೇಸರವಾಗುತ್ತದೆ. ಒಂದು ಸಲಕ್ಕೆ 1.75 ಪೌಂಡ್, ಮೊದಲ ಸಲ ಮುಟ್ಟಿಸಿದ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿ ಹತ್ತಿದರೂ ಮತ್ತೆ ದುಡ್ಡಿಲ್ಲ. ಇಡೀ ದಿನ ಬಸ್ಸಲ್ಲೇ ಸುತ್ತಿದರೆ ಮಿತಿ 5.25. 15ನೇ ನಂಬರಿನ ಬಸ್ಸಿನಲ್ಲಿ ಟ್ರಫಾಲ್ಗರ್ ಸ್ಕ್ವೇರ್ ಹತ್ತಿರ ಹತ್ತಿ ಮಹಡಿಯ ಮುಂದಿನ ಸೀಟಿನಲ್ಲಿ ಕೂತರೆ ಸೇಂಟ್ ಪಾಲ್ಸ್ ಕೆಥೆಡ್ರಲ್ ದಾಟಿಕೊಂಡು ಲಂಡನ್ ಟವರ್‌ವರೆಗೆ ಊರೇ ಕಣ್ಣ ಮುಂದೆ ಬರುತ್ತದೆ. ದುಬಾರಿ ಪ್ರವಾಸಿ ಬಸ್ಸುಗಳು ತೋರಿಸುವ ರಸ್ತೆಗಳಲ್ಲಿ ಇದೂ ಒಂದು. ಥೇಮ್ಸ್ ನದಿಯ ದೋಣಿಯಲ್ಲೂ ಕೇಬಲ್ ಕಾರಿನಲ್ಲೂ ಕಾರ್ಡ್ ಮುಟ್ಟಿಸಬಹುದು, ಆದರೆ ಅವುಗಳ ದರ ದಿನದ ಮಿತಿಯೊಳಗೆ ಬರುವುದಿಲ್ಲ.

ಬಸವಣ್ಣನವರ ಪ್ರತಿಮೆ ನೋಡದೆ ಬರುವ ಕನ್ನಡಿಗರು ಕಡಿಮೆ. ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ್ದು. ಹತ್ತಿರದ ಟ್ಯೂಬ್ ಸ್ಟೇಷನ್ ವಾಕ್ಸ್‌ಹಾಲ್, ಅದು ವಲಯ 1 ಮತ್ತು 2ರ ಗಡಿಯಲ್ಲಿದೆ. ಆದರೆ ಪಾರ್ಲಿಮೆಂಟ್ ನೋಡಲು ವೆಸ್ಟ್‌ಮಿನ್‌ಸ್ಟರ್‌ಗೆ ಬಂದೇ ಇರುತ್ತೀರಿ. ಸೇತುವೆ ದಾಟಿ ಬಲಕ್ಕೆ ತಿರುಗಿ ನದಿಯ ದಡದಲ್ಲೇ ನಡೆಯಿರಿ. ಎದುರು ದಡದಲ್ಲಿ ಪಾರ್ಲಿಮೆಂಟು ಪೂರ್ತಿ ಕಾಣುತ್ತದೆ. ಲ್ಯಾಂಬೆತ್ ಸೇತುವೆ ಸಿಕ್ಕಾಗ ಅದನ್ನು ಹತ್ತದೆ ಇದೇ ದಡದಲ್ಲಿ ಸ್ವಲ್ಪ ಮುಂದೆ ಹೋದರೆ ಪ್ರತಿಮೆ. ಇಪ್ಪತ್ತು ನಿಮಿಷದ ನಡಿಗೆ, ಇದಕ್ಕೆ ಯಾವ ಪಾಸೂ ಬೇಡ.

ಆಯ್ಸ್ಟರ್ ಕೊಂಡವರು ಊರಿಗೆ ಹೊರಡುವಾಗ ಅದನ್ನು ಎಸೆಯಬೇಡಿ. 10 ಪೌಂಡಿನೊಳಗಿನ ಬಾಕಿಯನ್ನು ಸ್ಟೇಷನ್‌ನ ಟಿಕೆಟ್ ಯಂತ್ರದಲ್ಲೇ ವಾಪಸ್ ಪಡೆಯಬಹುದು. ಹಾಗೇ ಬಿಟ್ಟರೂ ಕಾರ್ಡಿನಲ್ಲಿರುವ ದುಡ್ಡಿಗೆ ಅವಧಿ ಮುಗಿಯುವುದಿಲ್ಲ. ಮುಂದಿನ ವರ್ಷ ಹೋಗುವ ಅತ್ತಿಗೆಗೋ ಚಿಕ್ಕಪ್ಪನಿಗೋ ಅದನ್ನು ಕೊಟ್ಟರೆ ಅವರಿಗೆ ಕಾರ್ಡಿನ 10 ಪೌಂಡ್ ಉಳಿಯಿತು. ರಿಯಾಯಿತಿ ಜೋಡಿಸಿದ ಕಾರ್ಡ್ ಮಾತ್ರ ಬೇಡ, ಅದು ಯಾರ ಹೆಸರಿನ ರೇಲ್‌ಕಾರ್ಡ್‌ಗೆ ಸೇರಿದೆಯೋ ಅವರೇ ಬಳಸಬೇಕು.